ಮುಚ್ಚಳ ಹಿಡಿದ ಫೋಟೋ

ಆ ಫ್ಲೆಕ್ಸ್ ಇಳಿಸಿ ಅಂತ ನಮ್ಮ ಮೇಳದ ಸಮಿತಿಯ ಕಾರ್ಯದರ್ಶಿಗೆ ಮೂರು ಸಲ ಹೇಳಿದೆ. ಒಂದು ಸಲ ಫೋನಿನಲ್ಲಿ, ಇನ್ನೊಂದು ಸಲ ಅವನ ಮನೆ ಬಾಗಿಲಲ್ಲಿ ನಿಂತು, ಮೂರನೇ ಸಲ ಹೊಳಲ್ಕೆರೆ ಬಸ್ ಸ್ಟ್ಯಾಂಡಿನ ಎದುರು, ಆ ಫ್ಲೆಕ್ಸಿನ ಕೆಳಗೇ. ಮೂರು ಸಲವೂ ಅವನದು ಒಂದೇ ಉತ್ತರ. "ಏನಪ್ಪ ನಿಂದು? ಚೆನ್ನಾಗೈತಲ್ಲ. ಮುಖದಾಗೆ ಎಷ್ಟು ಕಳೆ ಐತೆ ನೋಡು."

ಫ್ಲೆಕ್ಸಿನಲ್ಲಿ ಅರವತ್ತು ದಾಟಿದ ಒಬ್ಬ ಮನುಷ್ಯ ರಟ್ಟಿನ ಕಿರೀಟ ಇಟ್ಟುಕೊಂಡು ಬಾಯಿ ತುಂಬ ನಗುತ್ತಿದ್ದಾರೆ. ಕೆಳಗೆ 'ಛಾಯಾ ಚಕ್ರವರ್ತಿಗೆ ಭಾವಪೂರ್ಣ ಶ್ರದ್ಧಾಂಜಲಿ' ಅಂತ ಬರೆದಿದೆ. ಅದರ ಕೆಳಗೆ ಸಮಿತಿಯ ಹನ್ನೊಂದು ಜನರ ಮುಖಗಳು, ಒಬ್ಬೊಬ್ಬರಿಗೆ ಒಂದೊಂದು ದುಂಡನೆಯ ಚೌಕಟ್ಟು. ಸತ್ತವರಿಗಿಂತ ಬದುಕಿರುವವರೇ ಹೆಚ್ಚು ಜಾಗ ತಿಂದಿದ್ದರು. ಇದೇ ಹನ್ನೊಂದು ಜನ ಮೂರು ವರ್ಷದ ಹಿಂದೆ ಇದೇ ಮನುಷ್ಯನಿಗೆ, ಇನ್ನು ಮೇಲೆ ಮೇಳದ ಕಡೆ ತಲೆ ಹಾಕಬೇಡಿ ಅಂತ ಹೇಳಿ ಕಳಿಸಿದ್ದರು.

ಆ ಕಿರೀಟದ ಫೋಟೋ ತೆಗೆದದ್ದು ನಾನು. ಫ್ಲೆಕ್ಸ್ ಮಾಡಿಕೊಡು ಅಂತ ಮೊದಲು ಬಂದದ್ದೂ ನನ್ನ ಅಂಗಡಿಗೇ. ದುರ್ಗದಲ್ಲಿ ಮದುವೆ ಆಲ್ಬಂ ಡಿಸೈನ್ ಮಾಡುವುದು ನನ್ನ ಕಸುಬು, ಫ್ಲೆಕ್ಸನ್ನೂ ಮಾಡುತ್ತೇನೆ. ಇದನ್ನು ಮಾತ್ರ ಮಾಡುವುದಿಲ್ಲ ಅಂದೆ. ಪಕ್ಕದ ಬೀದಿಯಲ್ಲಿ ಮಾಡಿಸಿಕೊಂಡರು. ಹೊಳಲ್ಕೆರೆಯಲ್ಲಿ ಒಂದು, ದುರ್ಗದ ಸಮುದಾಯ ಭವನದ ಬಾಗಿಲಿಗೆ ಒಂದು.

ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಹೆಸರು ಬೇಕಾದವರು ಫ್ಲೆಕ್ಸ್ ನೋಡಿಕೊಳ್ಳಲಿ, ಮೊಳ ಮೊಳದ ಅಕ್ಷರದಲ್ಲಿದೆ. ನಾವೆಲ್ಲ ಅವರನ್ನು ಸ್ಟುಡಿಯೋ ಅಣ್ಣ ಅನ್ನುತ್ತಿದ್ದೆವು. ಹೊಳಲ್ಕೆರೆಯಲ್ಲಿ ಅವರದು ಒಂದು ಚಿಕ್ಕ ಸ್ಟುಡಿಯೋ. ಒಂದು ಬೆಂಚು, ಒಂದು ಕನ್ನಡಿ, ಕನ್ನಡಿಗೆ ಕಟ್ಟಿದ ಒಂದು ಬಾಚಣಿಗೆ. ಶಾಲೆಯ ಮಕ್ಕಳ ಗುರುತಿನ ಚೀಟಿಯ ಫೋಟೋ, ಆಧಾರ್ ಕಾರ್ಡಿಗೆ, ಪಾಸ್‌ಪೋರ್ಟಿಗೆ, ಮತ್ತೆ ಹೆಣ್ಣು ತೋರಿಸುವ ಫೋಟೋ. ಈ ಕೊನೆಯದರಲ್ಲಿ ಅವರನ್ನು ಮೀರಿಸುವವರು ಸುತ್ತಮುತ್ತ ಇರಲಿಲ್ಲ. ಫೋಟೋ ಚೆನ್ನಾಗಿ ಬರುತ್ತದೆ ಅನ್ನುವುದು ಅರ್ಧ ಕಾರಣ. ಇನ್ನರ್ಧ ಕಾರಣ ಬೇರೆ. ಸಂಬಂಧ ಮುರಿದರೆ ಅಣ್ಣ ತಾವೇ ಗಂಡಿನ ಮನೆಗೆ ಹೋಗಿ ಹುಡುಗಿಯ ಫೋಟೋ ವಾಪಸ್ ತರುತ್ತಿದ್ದರು. ಯಾರೂ ಹೇಳಿ ಕಳಿಸದಿದ್ದರೂ ಹೋಗುತ್ತಿದ್ದರು. ಒಂದು ಸಲ ಶಿವಮೊಗ್ಗದ ಬಸ್ಸು ಹತ್ತಿ ಹೋಗಿ, "ಕಳೆದು ಹೋಗಿದೆ" ಅಂದವರ ಮನೆಯ ಜಗುಲಿಯ ಮೇಲೆ ಕೂತುಬಿಟ್ಟರಂತೆ. ಊಟದ ಹೊತ್ತಿಗೆ ಆ ಮನೆಯ ಮುದುಕಿ ಎಲ್ಲಿಂದಲೋ ಫೋಟೋ ಹುಡುಕಿ ತಂದುಕೊಟ್ಟಳು. "ಹೊಡೆಯೋದು ನನ್ನ ಕೆಲ್ಸ, ಇಟ್ಕಳೋದು ಅವರ ಕೆಲ್ಸ" ಅನ್ನುತ್ತಿದ್ದರು ಅಣ್ಣ. ಅವರು ಅಂದರೆ ಫೋಟೋದಲ್ಲಿ ಇರುವವರು.

ಇಂಥ ಮನುಷ್ಯ ನಮ್ಮ ಮೇಳಕ್ಕೆ ಬಂದದ್ದು ಹೇಗೆ ಅಂತ ಹೇಳಬೇಕು. ದುರ್ಗದಲ್ಲಿ ನಾವು ಕೆಲವರು ಸೇರಿ ವರ್ಷಕ್ಕೆ ಒಂದು ಭಾನುವಾರ ಅಭಿಮಾನಿಗಳ ಮೇಳ ಅಂತ ಮಾಡುತ್ತೇವೆ. ಕಾಮಿಕ್ಸು, ಕಾರ್ಟೂನು, ಕಂಪ್ಯೂಟರ್ ಆಟಗಳು, ಇವುಗಳ ಹುಚ್ಚಿರುವವರೆಲ್ಲ ತಮಗಿಷ್ಟವಾದ ಪಾತ್ರದ ವೇಷ ಹಾಕಿಕೊಂಡು ಬರುತ್ತಾರೆ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯಿಂದ ಥರ್ಮಾಕೋಲಿನ ರೆಕ್ಕೆ ಮಡಿಚಿಕೊಂಡು, ಬಕೆಟ್ ಕೊಯ್ದು ಮಾಡಿದ ಶಿರಸ್ತ್ರಾಣ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬರುತ್ತಾರೆ. ಬೆಂಗಳೂರಿನಲ್ಲಿ ಇದೇ ಆದರೆ ಪೇಪರಿನಲ್ಲಿ ಬಣ್ಣದ ಪುಟ. ಇಲ್ಲಿ ಕಂಡಕ್ಟರ್, "ಯಾವ ನಾಟಕ್ದೋರಪ್ಪ ನೀವು?" ಅನ್ನುತ್ತಾನೆ. ಮೊದಲ ವರ್ಷ ಫೋಟೋ ತೆಗೆಯಲು ಯಾರೂ ಒಪ್ಪಲಿಲ್ಲ. ಮದುವೆ ಸೀಸನ್ನಿನಲ್ಲಿ ಹುಡುಗಾಟಕ್ಕೆ ಯಾರು ಬರುತ್ತಾರೆ? ನನ್ನ ಪರಿಚಯದ ಮೇಲೆ ಅಣ್ಣ ಬಂದರು. ಬಂದವರು ಐದು ವರ್ಷ ಬಿಡಲಿಲ್ಲ.

ಅವರಿಗೆ ಒಂದು ಪಾತ್ರವೂ ಗೊತ್ತಿರಲಿಲ್ಲ. ಅದೇ ಒಳ್ಳೆಯದಾಯಿತು. ಎದುರು ಬಂದು ನಿಂತವರನ್ನು ಕೇಳುತ್ತಿದ್ದರು: "ಇವ್ರು ಯಾರು? ಏನ್ ಮಾಡ್ತಾರೆ? ಎಂಗೆ ನಿಂತ್ಕಂತಾರೆ?" ಕತೆ ಪೂರ್ತಿ ಹೇಳಿಸಿಕೊಳ್ಳುತ್ತಿದ್ದರು. ಹೇಳುವಷ್ಟು ಹೊತ್ತೂ ಅವರ ಕೈ ಸುಮ್ಮನೆ ಇರುತ್ತಿರಲಿಲ್ಲ. ಕ್ಯಾಮೆರಾ ಚೀಲದಲ್ಲಿ ಸೂಜಿ ದಾರ, ಪಿನ್ನು, ಗಮ್ ಟೇಪು, ಹೇರ್ ಕ್ಲಿಪ್ಪು. ಕಿತ್ತುಹೋದ ತೋಳು ಹೊಲಿಯುತ್ತ, ಜಾರಿದ ರೆಕ್ಕೆಗೆ ಪಿನ್ನು ಹಾಕುತ್ತ, "ಆಮೇಲೆ? ಆ ರಾಕ್ಷಸ ಸತ್ನಾ?" ಅನ್ನುತ್ತಿದ್ದರು. ಕತೆ ಮುಗಿಯುವ ಹೊತ್ತಿಗೆ ಆ ಮಗು ಇಲ್ಲವೇ ಆ ಹುಡುಗಿ ನಿಜಕ್ಕೂ ಆ ಪಾತ್ರದ ಹಾಗೆ ನಿಂತಿರುತ್ತಿತ್ತು. ಆಗ ಹೊಡೆಯುತ್ತಿದ್ದರು, ಒಂದೇ ಫ್ರೇಮು. ಚಿಕ್ಕ ಮಕ್ಕಳಾದರೆ ನೆಲದ ಮೇಲೆ ಮಲಗಿ ಹೊಡೆಯುತ್ತಿದ್ದರು. ಏಳುವಾಗ ಮಂಡಿ ನೋವಿಗೆ ಇಡೀ ಭವನಕ್ಕೆ ಕೇಳುವ ಹಾಗೆ ಬೈದುಕೊಳ್ಳುತ್ತಿದ್ದರು.

ಅವರಿಗೆ ಕೋಪ ಬಂದದ್ದನ್ನು ನಾನು ಒಂದೇ ಸಲ ನೋಡಿದ್ದು. ಒಬ್ಬ ಯುವಕ ವೇಷ ಹಾಕಿದ ಹುಡುಗಿಯೊಬ್ಬಳನ್ನು ಹಿಂದಿನಿಂದ ಮೊಬೈಲಿನಲ್ಲಿ ಹಿಡಿಯುತ್ತಿದ್ದ. ಅಣ್ಣ ಹೋಗಿ ಅವನ ಹೆಗಲ ಮೇಲೆ ಕೈ ಇಟ್ಟು, "ಬೆನ್ನಿಗೆ ಕಣ್ಣಿಲ್ಲ ಅಂತ ಹೊಡೀತಿಯೇನಲೇ?" ಅಂದರು. ಅವನ ಕೈಯಿಂದಲೇ ಅದನ್ನು ಅಳಿಸಿ ಹಾಕಿಸಿದರು. ಆಮೇಲೆ ಅವನನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿ, ಹಿಂದಿನಿಂದ ಅವನ ಫೋಟೋ ಹೊಡೆದು ಅವನಿಗೇ ತೋರಿಸಿದರು. "ಇದನ್ನ ಎಲ್ಲಿಗೆ ಹಾಕಲಿ ಹೇಳು." ಅವನ ಮುಖ ಸಪ್ಪಗಾಯಿತು. ಅಣ್ಣ ಅದನ್ನೂ ಅಳಿಸಿ ಕಳಿಸಿದರು.

ಇನ್ನು ಮುಚ್ಚಳದ ವಿಚಾರ. ಮೇಳಕ್ಕೆ ಬರುವವರಲ್ಲಿ ಎಷ್ಟೋ ಜನ ಮನೆಯಲ್ಲಿ ಹೇಳಿ ಬಂದಿರುವುದಿಲ್ಲ. ಹೊಸದುರ್ಗದ ಒಬ್ಬ ಹೈಸ್ಕೂಲ್ ಮೇಡಂ ಪ್ರತಿ ವರ್ಷ ಬೆಕ್ಕಿನ ಕಿವಿ ಇಟ್ಟುಕೊಂಡು ಬರುತ್ತಿದ್ದರು. ಇಬ್ಬರು ಮಕ್ಕಳ ತಾಯಿ. ಫೋಟೋ ಬೇಕು, ಆದರೆ ಹೆಡ್‌ಮಾಸ್ಟರ್ ಕಣ್ಣಿಗೆ ಬೀಳಬಾರದು. ಅಂಥವರಿಗಾಗಿ ಅಣ್ಣ ಒಂದು ಪದ್ಧತಿ ಮಾಡಿದ್ದರು. ಚೆನ್ನಾದ ಫೋಟೋ ಹೊಡೆದ ಮೇಲೆ, "ಹೊರಗೆ ಹಾಕಬಹುದಾ?" ಅಂತ ಕೇಳುವರು. ಬೇಡ ಅಂದರೆ ಲೆನ್ಸಿನ ಕರಿ ಮುಚ್ಚಳವನ್ನು ಅವರ ಕೈಗೆ ಕೊಟ್ಟು, "ಎದೆ ಮುಂದೆ ಹಿಡ್ಕಳ್ರಿ" ಅಂದು ಇನ್ನೊಂದು ಫ್ರೇಮು ಹೊಡೆಯುವರು. ಮುಚ್ಚಳ ಹಿಡಿದ ಮುಖ ಯಾವುದೋ, ಆ ಮುಖದ ಫೋಟೋ ಯಾರಿಗೂ ತೋರಿಸುವ ಹಾಗಿಲ್ಲ. ಪ್ರಿಂಟು ಹಾಕಿ ಲಕೋಟೆಯಲ್ಲಿ ಅವರ ಕೈಗೇ ಮುಟ್ಟಿಸುವರು. ಚೀಟಿಯಲ್ಲಿ ಹೆಸರು ಬರೆದುಕೊಂಡರೆ ಚೀಟಿ ಕಳೆಯುತ್ತದೆ, ಫೋಟೋದ ಒಳಗೇ ಇದ್ದರೆ ಕಳೆಯುವುದಿಲ್ಲ ಅನ್ನುವುದು ಅವರ ಲೆಕ್ಕ.

ಎರಡನೇ ವರ್ಷದ ಮೇಳದಲ್ಲಿ ಒಂದು ಪುಟ್ಟ ಹುಡುಗಿ ತನ್ನ ರಟ್ಟಿನ ಕಿರೀಟ ತೆಗೆದು ಅವರ ತಲೆಗೆ ಇಟ್ಟಳು. ನಾನು ನನ್ನ ಮೊಬೈಲಿನಲ್ಲಿ ಹಿಡಿದೆ. ಅಣ್ಣ ನಗುತ್ತಲೇ ಜೇಬಿನಿಂದ ಮುಚ್ಚಳ ತೆಗೆದು ಎದೆಯ ಮುಂದೆ ಹಿಡಿದರು. "ಇನ್ನೊಂದು ಹೊಡಿ ತಮ್ಮ. ಇದು ನಿಮ್ಮಕ್ಕನಿಗೆ ಮಾತ್ರ." ನಿಮ್ಮಕ್ಕ ಅಂದರೆ ಅವರ ಹೆಂಡತಿ. ಎರಡನೆಯದನ್ನೂ ಹೊಡೆದೆ. ಅವತ್ತು ಮಧ್ಯಾಹ್ನವೇ ಮೊದಲನೆಯದನ್ನು, ಈಗ ಫ್ಲೆಕ್ಸಿನಲ್ಲಿರುವುದನ್ನು, ಸಮಿತಿಯ ಮೊಬೈಲ್ ಗುಂಪಿಗೆ ಹಾಕಿದೆ. ತಮಾಷೆಗೆ ಅಂತ. ಎಲ್ಲರೂ ನಕ್ಕರು. ಅಣ್ಣ ಸಂಜೆ ಕ್ಯಾಮೆರಾ ಚೀಲ ಕಟ್ಟುತ್ತ, "ಮುಚ್ಚಳ ಹಿಡಿದಿದ್ನಲ್ಲೋ" ಅಂದರು. ಅಷ್ಟೇ ಅಂದದ್ದು. ನನಗೆ ಬುದ್ಧಿ ಇದ್ದಿದ್ದರೆ ಅವತ್ತೇ ಬರಬೇಕಿತ್ತು.

ಐದನೇ ವರ್ಷದ ಮೇಳಕ್ಕೆ ಯಲ್ಲದಕೆರೆಯ ಒಬ್ಬ ಹುಡುಗಿ ಬಂದಳು. ಹಿರಿಯೂರಿನ ಕಾಲೇಜಿನಲ್ಲಿ ಎರಡನೇ ವರ್ಷದ ಬಿಎಸ್ಸಿ. ಕುರಿ ಸಾಕುವ ಮನೆ. ಯಾವುದೋ ಆಟದ ಯೋಧೆಯ ವೇಷ. ಫೋಮ್ ಶೀಟಿನ ಎದೆಗವಚ, ಮೊಣಕೈಗೆ ಪೈಪಿನ ಬಳೆ, ಹೆಗಲ ಮೇಲಿಂದ ಹಿಮ್ಮಡಿಯವರೆಗೆ ಅಜ್ಜನ ಕರಿ ಕಂಬಳಿ. ಅವಳು ಒಳಗೆ ಕಾಲಿಟ್ಟಾಗ ಭವನವೇ ತಿರುಗಿ ನೋಡಿತು. ಅಣ್ಣ ಅವಳ ಕತೆಯನ್ನು ಎಲ್ಲರಿಗಿಂತ ಹೆಚ್ಚು ಹೊತ್ತು ಕೇಳಿಸಿಕೊಂಡರು. ಕಂಬಳಿಯ ಮಡಿಕೆಯನ್ನು ತಾವೇ ಸರಿ ಮಾಡಲಿಲ್ಲ, "ನೀನೇ ಸರಿ ಮಾಡ್ಕ ತಾಯಿ, ಅದು ಮನೆ ಕಂಬಳಿ" ಅಂದರು. ಆ ಮನೆಗಳಲ್ಲಿ ಕಂಬಳಿಯನ್ನು ದೇವರ ಕಾರ್ಯಕ್ಕೆ ಹಾಸುತ್ತಾರೆ, ಕಂಡವರು ಮುಟ್ಟುವುದಿಲ್ಲ ಅಂತ ಅವರಿಗೆ ಗೊತ್ತಿತ್ತು. ಫೋಟೋ ಹೊಡೆದ ಮೇಲೆ ಹುಡುಗಿ ಹೇಳಿದ್ದು ನನ್ನ ಕಿವಿಗೂ ಬಿತ್ತು. "ಅಣ್ಣ, ಮನ್ಯಾಗೆ ಪ್ರಾಜೆಕ್ಟು ಅಂತ ಹೇಳಿ ಬಂದೀನಿ. ಹೊರಗೆ ಹೋಗಬಾರದು." ಅಣ್ಣ ಮುಚ್ಚಳ ಕೊಟ್ಟರು. ಅವಳು ಎರಡೂ ಕೈಯಲ್ಲಿ ಹಿಡಿದು ನಿಂತಳು.

ಪ್ರತಿ ವರ್ಷ ಫೋಟೋಗಳನ್ನು ಅಣ್ಣನೇ ಆರಿಸಿ ಕಳಿಸುತ್ತಿದ್ದರು. ಆ ವರ್ಷ ಮೇಳ ಮುಗಿದ ಮಾರನೇ ದಿನವೇ ಅವರಿಗೆ ಕಣ್ಣಿನ ಆಪರೇಷನ್ ಇತ್ತು. ಕ್ಯಾಮೆರಾದ ಮೆಮೊರಿ ಕಾರ್ಡ್ ನನ್ನ ಅಂಗಡಿಗೆ ತಂದುಕೊಟ್ಟು ಹೋದರು. ಸೋಮವಾರ ಬೆಳಿಗ್ಗೆ ಆಸ್ಪತ್ರೆಯಿಂದಲೇ ಫೋನು. "ಮುಚ್ಚಳದವು ಆರೋ ಏಳೋ ಅವೆ. ನೋಡ್ಕಂಡು ತಮ್ಮ." ನಾನು, "ಆಯ್ತಣ್ಣ, ಆಯ್ತಣ್ಣ" ಅಂದೆ. ಕಿವಿಗೆ ಫೋನು, ಕೈಯಲ್ಲಿ ಮೌಸು, ಪರದೆಯ ಮೇಲೆ ಯಾರದೋ ಆರತಕ್ಷತೆ.

ಈಗ ನನ್ನ ಕಸುಬಿನ ಒಂದು ಮಾತು ಹೇಳುತ್ತೇನೆ. ಆಲ್ಬಂ ಮಾಡುವವರು ಮೊದಲು ಮಾಡುವ ಕೆಲಸ ವೇಸ್ಟ್ ತೆಗೆಯುವುದು. ಕಣ್ಣು ಮುಚ್ಚಿದ್ದು, ಅಲುಗಿದ್ದು, ಎದೆಯ ಮುಂದೆ ಯಾರದೋ ಕೈ, ತಟ್ಟೆ, ಮೈಕು ಬಂದದ್ದು. ಒಂದೇ ಭಂಗಿಯವು ಎರಡಿದ್ದರೆ ಚೆನ್ನಾಗಿದ್ದದ್ದು ಇಟ್ಟು ಇನ್ನೊಂದನ್ನು ತೆಗೆಯುವುದು. ಹನ್ನೆರಡು ವರ್ಷದಿಂದ ಇದನ್ನೇ ಮಾಡಿದ್ದೇನೆ, ಬೆರಳು ತಾನಾಗೇ ಓಡುತ್ತದೆ. ಅವತ್ತೂ ಓಡಿತು. ಬೆಕ್ಕಿನ ಕಿವಿಯ ಮೇಡಂ ಎದೆಯ ಮುಂದೆ ಕರಿ ಬಿಲ್ಲೆ, ತೆಗೆ. ಕಂಬಳಿಯ ಹುಡುಗಿ ಎದೆಯ ಮುಂದೆ ಕರಿ ಬಿಲ್ಲೆ, ತೆಗೆ. ಮೊದಲನೆಯದು ಚೆನ್ನಾಗಿದೆ, ಇಡು. ಯಾರು ಬೇಡ ಅಂದಿದ್ದರೋ ಅವರ 'ಬೇಡ' ಮಾತ್ರ ಅಳಿಸಿ, ಅವರ ಮುಖಗಳನ್ನು ಉಳಿಸಿ, ಕಾರ್ಯದರ್ಶಿಗೆ ಕಳಿಸಿದೆ. ಅವನು ಊಟಕ್ಕೆ ಮುಂಚೆ ಮೇಳದ ಆನ್‌ಲೈನ್ ಪುಟಕ್ಕೆ ಅಷ್ಟನ್ನೂ ಹಾಕಿದ. ಕಂಬಳಿಯ ಹುಡುಗಿಯನ್ನು ಎಲ್ಲಕ್ಕಿಂತ ಮೇಲೆ ಹಾಕಿದ.

ಎರಡು ದಿನದಲ್ಲಿ ಆ ಫೋಟೋ ಹಿರಿಯೂರು ತಾಲೂಕಿನ ಮೊಬೈಲುಗಳಲ್ಲೆಲ್ಲ ಓಡಾಡಿತು. ಕೆಳಗೆ ಯಾರು ಯಾರೋ ಬರೆದದ್ದನ್ನು ಇಲ್ಲಿ ಬರೆದು ನನ್ನ ಕೈ ಹೊಲಸು ಮಾಡಿಕೊಳ್ಳುವುದಿಲ್ಲ. ಬರೆದವರಲ್ಲಿ ಅವಳ ಕಾಲೇಜಿನವರೇ ಇದ್ದರು. ಯಲ್ಲದಕೆರೆಯಲ್ಲಿ, ದೇವರ ಕಂಬಳಿ ಕಟ್ಟಿಕೊಂಡು ಕುಣಿದಳು ಅಂತಾಯಿತು. ಅವಳ ಚಿಕ್ಕಪ್ಪ ನಾಲ್ಕು ಜನರನ್ನು ಕರೆದುಕೊಂಡು ದುರ್ಗಕ್ಕೆ ಬಂದ. ಕಾರ್ಯದರ್ಶಿಯ ಮನೆಯಲ್ಲಿ ಆಗ ನಾನೂ ಇದ್ದೆ.

"ಯಾರಪ್ಪ ನಮ್ಮ ಹುಡುಗಿ ಫೋಟೋ ಹಾಕಿದ್ದು?" ಅಂತ ಚಿಕ್ಕಪ್ಪ ಕೇಳಿದ. ದನಿ ಕೂಡ ಏರಿಸಲಿಲ್ಲ.

"ಫೋಟೋದೋರು ಹೊಳಲ್ಕೆರೆಯೋರು. ಎಲ್ಲ ಅವರದೇ. ನಮಗೆ ಗೊತ್ತಿಲ್ಲ" ಅಂದ ನಮ್ಮ ಕಾರ್ಯದರ್ಶಿ. ಕುರ್ಚಿಯಿಂದ ಏಳದೆ, ಸಲೀಸಾಗಿ ಅಂದ.

ನಾನು ಬಾಯಿ ಬಿಡಲಿಲ್ಲ. ಹೆದರಿದೆ. ಇದಕ್ಕೆ ನೂರು ಕಾರಣ ಜೋಡಿಸಿಟ್ಟುಕೊಂಡಿದ್ದೆ. ಮೂರು ವರ್ಷ ಒಂದೊಂದನ್ನೇ ತಿರುಗಿಸಿ ನೋಡಿ ಎಲ್ಲವನ್ನೂ ಬಿಸಾಡಿದ್ದೇನೆ. ಅಲ್ಲಿ ಕೂತಿದ್ದವನು ಹೇಡಿ.

ಅಲ್ಲಿಂದ ಬಂದ ಮೇಲೆ ಅಣ್ಣನಿಗೆ ಫೋನು ಮಾಡಿದೆ. ಕಣ್ಣಿಗೆ ಪಟ್ಟಿ ಕಟ್ಟಿದ್ದರೂ ವಿಷಯ ಅವರಿಗೆ ಮುಟ್ಟಿತ್ತು. "ಅಣ್ಣ, ಮುಚ್ಚಳದವನ್ನ ನಾನು..." ಅಂದೆ. "ಗೊತ್ತಾತು ಬಿಡು" ಅಂದರು. "ಹೊಡೆದೋನು ನಾನು, ಕಾರ್ಡು ನಂದು. ನೀನು ಮೊದ್ಲು ಅದನ್ನ ಇಳಿಸು." ಇಳಿಸಿದೆವು. ಇಳಿಸುವಷ್ಟರಲ್ಲಿ ಅದು ಎಲ್ಲೆಲ್ಲೋ ಹೋಗಿತ್ತು.

ಪಟ್ಟಿ ಬಿಚ್ಚಿದ ದಿನವೇ ಕರಿ ಕನ್ನಡಕ ಹಾಕಿಕೊಂಡು ಅಣ್ಣ ಒಬ್ಬರೇ ಯಲ್ಲದಕೆರೆಗೆ ಹೋದರು. ದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಬಸ್ಸು ಬದಲಿಸುವಾಗ ನನ್ನ ಅಂಗಡಿಯ ಮುಂದೆಯೇ ಹೋಗಿರಬೇಕು, ನನ್ನನ್ನು ಕರೆಯಲಿಲ್ಲ. ಬೆಳಿಗ್ಗೆಯಿಂದ ಮೂರು ಗಂಟೆಯವರೆಗೆ ಆ ಮನೆಯ ಕಟ್ಟೆಯ ಮೇಲೆ ಕೂತರು. ಒಮ್ಮೆ ಫೋಟೋ ವಾಪಸ್ ಕೊಡಿ ಅಂತ ಬೇರೆಯವರ ಜಗುಲಿಯ ಮೇಲೆ ಕೂತವರು, ಈಗ ಕೊಡಲು ಏನೂ ಇಲ್ಲದೆ ಕೂತಿದ್ದರು. ಹೇಗಾಯಿತು ಅಂತ ಆಮೇಲೆ ಕೇಳಿದೆ. "ನೀರು ಕೊಟ್ರು. ಮಜ್ಜಿಗೆನೂ ಕೊಟ್ರು. ಜಾಸ್ತಿ ಮಾತಾಡಲಿಲ್ಲ" ಅಂದರು. ಹೊರಡುವಾಗ ಹುಡುಗಿಯ ಅಪ್ಪ, ಇನ್ನು ಮೇಲೆ ಮೇಳದಾಗೆ ಕ್ಯಾಮೆರಾ ಹಿಡೀಬ್ಯಾಡ್ರಿ ಅಂದನಂತೆ. ಇವರು, ಆಗಲಿ ಅಂದು ಬಂದರು. ಆ ಮಾತಿಗೆ ತಪ್ಪಲಿಲ್ಲ.

ನಮ್ಮ ಸಮಿತಿ ಮಾತ್ರ ಮುಂದಿನ ವಾರ ಸಭೆ ಸೇರಿ ಅವರನ್ನು ಬೇರೆಯಾಗಿ ಹೊರಗೆ ಹಾಕಿತು. ತಾವಾಗೇ ಹೋದವರನ್ನು ಹೊರಗೆ ಹಾಕುವುದು ಸುಲಭ. ನಾನೂ ಆ ಸಭೆಯಲ್ಲಿ ಕೂತು ಟೀ ಕುಡಿದೆ.

ಹೊಳಲ್ಕೆರೆಯಲ್ಲಿ ಮಾತು ಬೇರೆ ರೂಪ ಪಡೆಯಿತು. ಹೆಣ್ಣುಮಕ್ಕಳ ಫೋಟೋ ಮಾರ್ಕಂತಾನಂತೆ ಅಂದರು. ಯಾರ ಫೋಟೋವನ್ನೂ ಗಂಡಿನ ಮನೆಯಲ್ಲಿ ಉಳಿಯಗೊಡದ ಮನುಷ್ಯನ ಬಗ್ಗೆ ಈ ಮಾತು. ಹೆಣ್ಣು ತೋರಿಸುವ ಫೋಟೋಕ್ಕೆ ಯಾರೂ ಬರಲಿಲ್ಲ. ಶಾಲೆಯವರು ಬೇರೆ ಸ್ಟುಡಿಯೋ ನೋಡಿಕೊಂಡರು. ಒಂದು ದಿನ ಹೋದಾಗ ಖಾಲಿ ಬೆಂಚಿನ ಮೇಲೆ ಕೂತು ಪೇಪರ್ ಓದುತ್ತಿದ್ದರು. ಕನ್ನಡಿಗೆ ಕಟ್ಟಿದ ಬಾಚಣಿಗೆಯ ಮೇಲೆ ಧೂಳು. ನಾನು ತಡೆಯಲಾರದೆ, "ಅಣ್ಣ, ನಾನು ಹೋಗಿ ಎಲ್ಲರಿಗೂ ಹೇಳ್ತೀನಿ, ತಪ್ಪು ನಂದು ಅಂತ" ಅಂದೆ. ಅವರು ಪೇಪರ್ ಮಡಿಸಿದರು. "ಹೇಳಬೇಕು ಅನ್ಸಿದ್ರೆ ಹೇಳು. ನನ್ನನ್ನೇನು ಕೇಳ್ತೀಯ?"

ಆ ಮಾತಿಗೆ ನನಗೆ ಅವರ ಮೇಲೆ ಇವತ್ತಿಗೂ ಸಿಟ್ಟಿದೆ. ಬೇಡ ಅಂದಿದ್ದರೆ ಬೇಡ ಅಂದರು ಅಂತ ಸುಮ್ಮನಿರಬಹುದಿತ್ತು. ಹೇಳು ಅಂದಿದ್ದರೆ ಹೇಳುತ್ತಿದ್ದೆನೋ ಏನೋ. ಎರಡೂ ಅನ್ನದೆ ನನ್ನ ಮೇಲೆಯೇ ಬಿಟ್ಟರು. ನಾನು ಹೇಳಲಿಲ್ಲ. ಮುಂದಿನ ವಾರ, ಯುಗಾದಿ ಆದಮೇಲೆ, ಮಳೆಗಾಲ ಕಳೀಲಿ, ಹೀಗೆ ಮೂರು ವರ್ಷ ಆಯಿತು. ಹೋದ ತಿಂಗಳು ಮಧ್ಯಾಹ್ನ ಊಟ ಮಾಡಿ ಮಲಗಿದ ಅಣ್ಣ ಏಳಲಿಲ್ಲ.

ಐದನೇ ದಿನ ಮನೆಗೆ ಹೋದೆ. ಅಣ್ಣನ ಹೆಂಡತಿ, ನಾನು ಅಕ್ಕ ಅನ್ನುವವರು, ಒಳಗೆ ಹೋಗಿ ಎರಡು ವಸ್ತು ತಂದರು. ಒಂದು, ಚೌಕಟ್ಟು ಹಾಕಿಸಿದ ಫೋಟೋ. ರಟ್ಟಿನ ಕಿರೀಟ, ಎದೆಯ ಮುಂದೆ ಕರಿ ಮುಚ್ಚಳ. ನಾನು ತೆಗೆದ ಎರಡನೇ ಫ್ರೇಮು. ಅದನ್ನು ಅವರು ಅಡುಗೆಮನೆಯ ಗೋಡೆಗೆ ಹಾಕಿಕೊಂಡಿದ್ದರು, ಬಂದವರ ಕಣ್ಣಿಗೆ ಬೀಳದ ಕಡೆ. ಇನ್ನೊಂದು, ಚಿಕ್ಕ ಲಕೋಟೆ. ಒಳಗೆ ಆ ವರ್ಷದ ಕಾರ್ಡು, ಉಳಿದವರವನ್ನೆಲ್ಲ ಅಳಿಸಿ ಆ ಹುಡುಗಿಯವು ಮಾತ್ರ ಇಟ್ಟಿದ್ದರಂತೆ. ಮೇಲೆ ಅಣ್ಣನ ಅಕ್ಷರದಲ್ಲಿ, 'ಯಲ್ಲದಕೆರೆ. ಮುಚ್ಚಳ.'

ನಾನು ಅಳಿಸಿದ್ದು ನನ್ನ ಕಂಪ್ಯೂಟರಿನಲ್ಲಿ. ಕಾರ್ಡ್ ಅವರಿಗೇ ವಾಪಸ್ ಕೊಟ್ಟಿದ್ದೆ. ಅಂದರೆ ಆ ಹುಡುಗಿ ಬೇಡ ಅಂದದ್ದಕ್ಕೆ, ಅಣ್ಣ ಅದನ್ನು ಗುರುತು ಹಾಕಿಕೊಂಡದ್ದಕ್ಕೆ, ಸಾಕ್ಷಿ ಮೂರು ವರ್ಷವೂ ಅವರ ಮೇಜಿನ ಡ್ರಾಯರಿನಲ್ಲಿ ಇತ್ತು.

"ನಾನೂ ಜಗಳ ಆಡ್ದೆ ಕಣಪ್ಪ" ಅಂದರು ಅಕ್ಕ. "ಇದನ್ನ ನಾಕು ಜನಕ್ಕೆ ತೋರ್ಸಿದ್ರೆ ನಿಮ್ಮ ಮೇಲಿನ ಮಾತು ಹೋಗ್ತೈತಲ್ಲ ಅಂದೆ. ತೋರ್ಸಬಾರ್ದು ಅಂತ ತಾನೇ ಆ ಹುಡುಗಿ ಮುಚ್ಚಳ ಹಿಡಿದಿದ್ದು, ಮತ್ತೆ ನಾನೇ ತೋರ್ಸಾಣ ಅಂತೀಯಾ ಅಂದ್ರು. ಸಾಯೋವರ್ಗೂ ಹಂಗೇ ಅಂದ್ರು."

ನನಗೆ ಅವರ ಮುಖ ನೋಡಲಾಗಲಿಲ್ಲ. "ಅಳಿಸಿದ್ದು ನಾನು ಅಕ್ಕ" ಅಂದೆ.

"ಗೊತ್ತೈತೆ. ಅವತ್ತೇ ಹೇಳಿದ್ರು" ಅಂದರು. ಲಕೋಟೆಯನ್ನು ನನ್ನ ಕೈಗಿಟ್ಟು, ಟೀ ಇಡಲು ಒಳಗೆ ಹೋದರು.

ಶ್ರದ್ಧಾಂಜಲಿ ಸಭೆ ಮೇಳ ನಡೆಯುವ ಭವನದಲ್ಲೇ ಆಯಿತು. ಭಾನುವಾರ ಬೆಳಿಗ್ಗೆ. ಅಕ್ಕ ಬರಲಿಲ್ಲ. ಒಬ್ಬೊಬ್ಬರೇ ಎದ್ದು ಅವರ ಸರಳತೆ, ಅವರ ಸೂಜಿ ದಾರ ಎಲ್ಲ ಹೊಗಳಿದರು. ಮೂರು ವರ್ಷ ಆ ಸ್ಟುಡಿಯೋ ಮೆಟ್ಟಿಲು ಹತ್ತದವರು ಕಣ್ಣು ಒರೆಸಿಕೊಂಡರು. ಕೊನೆಗೆ ಕಾರ್ಯದರ್ಶಿ. "ಮನುಷ್ಯ ಅಂದಮೇಲೆ ತಪ್ಪು ಆಗ್ತೈತೆ. ಅವರಿಂದಲೂ ಒಂದು ತಪ್ಪು ಆಯ್ತು. ಇವತ್ತು ನಾವು ದೊಡ್ಡ ಮನಸ್ಸು ಮಾಡಿ ಅದನ್ನ ಮರೆತಿದ್ದೀವಿ" ಅಂದ. ಚಪ್ಪಾಳೆ ಬಿತ್ತು.

ನಾನು ಎದ್ದೆ. "ತಪ್ಪು ಅವರದಲ್ಲ. ಆ ಹುಡುಗಿ ಬೇಡ ಅಂದಿದ್ಲು, ಅಣ್ಣ ಮುಚ್ಚಳ ಹಿಡಿಸಿ ಗುರುತು ಹಾಕಿದ್ರು, ನನಗೆ ಫೋನ್ ಮಾಡಿ ಹೇಳಿದ್ರು. ಆ ಫ್ರೇಮು ಅಳಿಸಿದೋನು ನಾನು. ಪುಟಕ್ಕೆ ಹಾಕಿದೋನು ಇವನು. ಆ ಹುಡುಗಿ ಮನೆಯೋರು ಬಂದಾಗ ಅಣ್ಣನ ಹೆಸರು ಹೇಳಿದೋನೂ ಇವನೇ, ಪಕ್ಕದಲ್ಲಿ ಸುಮ್ಮನೆ ಕೂತಿದ್ದೋನು ನಾನು."

ಕಾರ್ಯದರ್ಶಿಯ ಮುಖ ಕೆಂಪೇರಿತು. "ಸತ್ತೋರ ಹೆಸರಲ್ಲಿ ಏನು ಬೇಕಾದ್ರೂ ಹೇಳಬಹುದು. ಪುರಾವೆ ಐತಾ? ಇದ್ರೆ ತೋರ್ಸು, ನೋಡಾಣ."

ಕಾರ್ಡು ನನ್ನ ಅಂಗಿಯ ಜೇಬಿನಲ್ಲಿತ್ತು. ಎದುರಿಗೇ ಪರದೆ, ಕಂಪ್ಯೂಟರು, ಎಲ್ಲ ಜೋಡಿಸಿತ್ತು. ಅಣ್ಣನ ಹಳೆಯ ಫೋಟೋಗಳನ್ನು ಅದರಲ್ಲೇ ಓಡಿಸುತ್ತಿದ್ದರು. ಕಾರ್ಡ್ ಹಾಕಿ ಒಂದು ಗುಂಡಿ ಒತ್ತಿದರೆ ಅವನ ಬಾಯಿ ಅಲ್ಲೇ ಮುಚ್ಚುತ್ತಿತ್ತು. ಇನ್ನೂರು ಜನರ ಎದುರು ಅಣ್ಣನ ಹೆಸರು ತೊಳೆದು ಬರುತ್ತಿತ್ತು. ನನ್ನ ಕೈ ಜೇಬಿನವರೆಗೆ ಹೋಯಿತು.

"ಐತೆ" ಅಂದೆ. "ತೋರ್ಸಲ್ಲ."

ಯಾರೋ ನಕ್ಕರು. ಅರ್ಧ ಜನ ನಂಬಲಿಲ್ಲ, ಈಗಲೂ ನಂಬಿಲ್ಲ. ನಾನು ಹೊರಗೆ ಬಂದು, ಪಕ್ಕದ ಅಂಗಡಿಯಿಂದ ಬ್ಲೇಡು ತಂದು, ಬಾಗಿಲ ಮೇಲಿನ ಫ್ಲೆಕ್ಸಿನ ಹಗ್ಗ ಕೊಯ್ದೆ. ಸಮಿತಿಯವರು ಕೂಗಾಡಿದರು, ಒಬ್ಬ ನನ್ನ ಕೊರಳಪಟ್ಟಿ ಹಿಡಿದ. ಹಿಡಿಯಲಿ. ಅಲ್ಲಿಂದ ಹೊಳಲ್ಕೆರೆಗೆ ಹೋಗಿ ಇನ್ನೊಂದನ್ನೂ ಇಳಿಸಿ, ಎರಡನ್ನೂ ಸುತ್ತಿ ಅಕ್ಕನಿಗೆ ಕೊಟ್ಟು ಬಂದೆ.

ಮಾರನೇ ದಿನ ಯಲ್ಲದಕೆರೆಗೆ ಹೋದೆ. ಹುಡುಗಿ ಕಾಲೇಜಿಗೆ ಮತ್ತೆ ಹೋಗಲಿಲ್ಲ, ಹಿರಿಯೂರಿನ ಗಾರ್ಮೆಂಟ್ಸಿಗೆ ಹೋಗುತ್ತಾಳೆ ಅಂತ ಕೇಳಿದ್ದೆ. ಅವತ್ತು ಅವಳು ರಜೆ ಹಾಕಿದ್ದಳು. ಅಪ್ಪ ಕುರಿ ಹೊಡೆದುಕೊಂಡು ಹೋಗಿದ್ದ. ಕಟ್ಟೆಯ ಮೇಲೆ ಅವಳೇ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಯಾರು ಅಂತ ಕೇಳಿದಳು. ದುರ್ಗದ ಮೇಳದವನು ಅಂದೆ. ಕೈ ನಿಂತಿತು.

ಲಕೋಟೆಯನ್ನು ಅವಳ ಮುಂದೆ ಇಟ್ಟೆ. ಸ್ಟುಡಿಯೋ ಅಣ್ಣ ತೀರಿಹೋದರು, ಇದು ನಿನ್ನದು, ಯಾರಿಗೂ ತೋರಿಸಿಲ್ಲ ಅಂದೆ. ಅವಳು ಮೇಲಿನ ಅಕ್ಷರ ಓದಿದಳು. ಬಹಳ ಹೊತ್ತು ಓದಿದಳು, ಇದ್ದದ್ದು ಎರಡೇ ಪದ.

"ಅವರು ಹಾಕಿಲ್ಲ ಅಂತ ನಂಗೆ ಗೊತ್ತಿತ್ತು" ಅಂದಳು. "ಮುಚ್ಚಳ ಹಿಡಿದೋಳು ನಾನೇ ಅಲ್ವಾ? ಅವತ್ತು ಇಲ್ಲಿ ಬಂದು ಕುಂತಿದ್ರು. ನಮ್ಮಪ್ಪನ ಮುಂದೆ, ಹಾಕಿದ್ದು ಇವರಲ್ಲ ಅಂತ ನಾನು ಅಂದೆ. ಮತ್ಯಾರು ಅಂತ ಅಪ್ಪ ಕೇಳ್ದ. ಇವರು ಹೇಳಲಿಲ್ಲ. ಮೂರು ವರ್ಷ ಆತು, ಯಾರಾದ್ರೂ ಬಂದು ಹೇಳ್ತಾರೇನೋ ಅಂತ ನೋಡ್ತಾನೇ ಇದೀನಿ."

"ನಾನು" ಅಂದೆ.

ಅವಳು ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು, ಅದು ಅವಳಿಗೂ ಗೊತ್ತಿದ್ದ ಹಾಗೆ ಕಂಡಿತು. ಲಕೋಟೆ ತೆಗೆದುಕೊಂಡು ಸೆರಗಿನ ಒಳಗೆ ಸಿಕ್ಕಿಸಿಕೊಂಡಳು. ಅವರೆಕಾಯಿಯ ಮೊರ ಎತ್ತಿಕೊಂಡು ಒಳಗೆ ಹೋದಳು. ಬಾಗಿಲು ಹಾಕಲಿಲ್ಲ, ಹೊರಗೂ ಬರಲಿಲ್ಲ.

ಹನ್ನೆರಡರ ಬಿಸಿಲು. ಬಸ್ಸಿಗೆ ಇನ್ನೂ ಎರಡು ಗಂಟೆ ಇತ್ತು. ಬಾಗಿಲ ಪಕ್ಕದಲ್ಲೇ ನೀರಿನ ಬಿಂದಿಗೆ, ಅದರ ಮೇಲೆ ಲೋಟ ಕವುಚಿತ್ತು. ನಮ್ಮ ಕಡೆ ಎಂಥ ವೈರಿ ಬಂದರೂ ಮೊದಲು ಕೈಗೆ ನೀರು ಕೊಡುತ್ತಾರೆ. ಅಣ್ಣನಿಗೆ ಕೊಟ್ಟಿದ್ದರು, ಮಜ್ಜಿಗೆಯನ್ನೂ ಕೊಟ್ಟಿದ್ದರು. ನನಗೆ ಅವಳು ನೀರು ಕೊಡಲಿಲ್ಲ. ಸರಿಯಾಗಿಯೇ ಮಾಡಿದಳು.